ಆಟಿಕೆ ತಿನಿಸು

ಆಟಿಕೆ ತಿನಿಸು ಎಂಬುದು ಹಣ್ಣು, ತರಕಾರಿ, ರೊಟ್ಟಿ, ಮೊಟ್ಟೆ, ಸಿಹಿತಿಂಡಿ ಮುಂತಾದ ಆಹಾರ ಪದಾರ್ಥಗಳನ್ನು ಹೋಲುವಂತೆ ಮರ, ಬಟ್ಟೆ, ಪ್ಲಾಸ್ಟಿಕ್ ಮೊದಲಾದವುಗಳಿಂದ ತಯಾರಿಸಿದ ಆಟಿಕೆ. ಅಡುಗೆ ಮಾಡುವಂತೆ, ಬಡಿಸುವಂತೆ, ಉಣ್ಣುವಂತೆ ನಟಿಸುವ ಕಲ್ಪನೆಯಾಟದಲ್ಲಿ ಮಕ್ಕಳು ಇದನ್ನು ಬಳಸುತ್ತಾರೆ. ಪುಟ್ಟ ಪಾತ್ರೆ, ಒಲೆ, ಸೌಟು, ತಟ್ಟೆ, ಲೋಟಗಳು ಸಾಮಾನ್ಯವಾಗಿ ಇದರ ಜೊತೆಗಿರುತ್ತವೆ. ಕನ್ನಡದಲ್ಲಿ ಇವೆಲ್ಲವನ್ನೂ ಒಟ್ಟಾಗಿ ಅಡುಗೆ ಆಟದ ಸಾಮಾನು ಎನ್ನುವುದುಂಟು.

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಆಟಿಕೆ ತಿನಿಸನ್ನು ಆಯ್ಕೆ ಮಾಡುವಾಗ ಎರಡು ಸಂಗತಿಗಳು ಎದುರುಬದುರಾಗುತ್ತವೆ. ಈ ವಯಸ್ಸಿನ ಮಗುವಿಗೆ ಕಲ್ಪನೆಯಾಟ ಆರಂಭಿಸಲು ನಿಜವಾದ ವಸ್ತುವನ್ನು ಹೋಲುವ ಆಟಿಕೆಯೇ ಹೆಚ್ಚು ನೆರವಾಗುತ್ತದೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸೂ ಇದೇ ಆಗಿದ್ದು, ತಿನಿಸಿನಂತೆ ಕಾಣುವ ವಸ್ತುವು ಬಾಯಿಗೆ ಹೋಗುವ ಸಂಭವ ಹೆಚ್ಚು. ಆದ್ದರಿಂದ ಆಟಿಕೆಯ ಅಂದಕ್ಕಿಂತ ಅದರ ಗಾತ್ರ, ಆಕಾರ ಹಾಗೂ ಅದನ್ನು ತಯಾರಿಸಿದ ವಸ್ತು ಆಯ್ಕೆಯಲ್ಲಿ ಮುಖ್ಯವಾಗುತ್ತವೆ.

## ಹಿನ್ನೆಲೆ

ಅಡುಗೆಯ ಆಟ ಬಹಳ ಕಡೆಗಳಲ್ಲಿ ಕಂಡುಬರುತ್ತದೆ. ಜಪಾನಿನಲ್ಲಿ ಇದನ್ನು ಮಮಗೊತೊ ಎನ್ನುತ್ತಾರೆ. ಮರಾಠಿಯಲ್ಲಿ ಆಟಕ್ಕೂ ಅದರ ಪುಟ್ಟ ಪಾತ್ರೆಗಳಿಗೂ ಭಾತುಕಲಿ ಎಂಬ ಹೆಸರಿದೆ. ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲಿ ತಯಾರಾಗುವ ಅರಗಿನ ಬಣ್ಣದ ಮರದ ಪುಟ್ಟ ಪಾತ್ರೆಗಳನ್ನು ತೆಲುಗಿನಲ್ಲಿ ಲಕ್ಕ ಪಿಡತಲು ಎಂದು ಕರೆಯುತ್ತಾರೆ. ತಮಿಳುನಾಡಿನಲ್ಲಿ ಇಂತಹವೇ ಸೆಪ್ಪು ಸಾಮಾನುಗಳು ಎಂಬ ಹೆಸರಿನಲ್ಲಿ ಬಳಕೆಯಲ್ಲಿವೆ. ಯೂರೋಪಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರವು ಗೊಂಬೆಮನೆ ಮತ್ತು ಆಟಿಕೆ ಅಡುಗೆಮನೆಗಳಿಗೆ ಹೆಸರಾಗಿತ್ತು. ಅಲ್ಲಿನ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 1639ರ ಗೊಂಬೆಮನೆಯೊಂದಿದೆ.

ಕರ್ನಾಟಕದ ಹಳ್ಳಿಗಳಲ್ಲಿ ಈ ಆಟಕ್ಕೆ ಕೊಂಡುತಂದ ಆಟಿಕೆಯ ಅಗತ್ಯವಿರಲಿಲ್ಲ. ತೆಂಗಿನ ಕರಟ ಪಾತ್ರೆಯಾಗುತ್ತಿತ್ತು, ಮರಳು ಅನ್ನವಾಗುತ್ತಿತ್ತು, ಇಟ್ಟಿಗೆಯ ಪುಡಿ ಖಾರದಪುಡಿಯಾಗುತ್ತಿತ್ತು, ಎಲೆಯೇ ತಟ್ಟೆಯಾಗುತ್ತಿತ್ತು. ಇಂತಹ ಆಟವನ್ನು ನಡೆಸುತ್ತಿದ್ದವರು ನಾಲ್ಕೈದು ವರ್ಷ ದಾಟಿದ ಮಕ್ಕಳು. ಎಳೆಯ ತಮ್ಮ ತಂಗಿಯರು ಅದರಲ್ಲಿ ಊಟಕ್ಕೆ ಕುಳಿತ ಅತಿಥಿಗಳಾಗಿರುತ್ತಿದ್ದರು. ಮರದ ಅಥವಾ ಹಿತ್ತಾಳೆಯ ಪುಟ್ಟ ಒಲೆ, ಒರಳು, ಬೀಸುವ ಕಲ್ಲು, ಕೊಡ, ಮಣೆ ಮತ್ತು ಲಟ್ಟಣಿಗೆಗಳು ಜಾತ್ರೆಗಳಲ್ಲಿ ಮಾರಾಟವಾಗುತ್ತಿದ್ದವು. ಹಳೆಯ ಮೈಸೂರು ಭಾಗದ ದಸರಾ ಬೊಂಬೆ ಹಬ್ಬದಲ್ಲಿ, ದಿನಸಿಯನ್ನು ಮುಂದಿಟ್ಟುಕೊಂಡ ಶೆಟ್ಟಿ–ಶೆಟ್ಟಿತಿ ಬೊಂಬೆಗಳೊಂದಿಗೆ ಪುಟ್ಟ ಪಾತ್ರೆಗಳನ್ನು ಜೋಡಿಸುವ ಪದ್ಧತಿ ಇಂದಿಗೂ ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಗೊಂಬೆಗಳಂತೆ ಇವೂ ಮುಖ್ಯವಾಗಿ ಅಲಂಕಾರದ ವಸ್ತುಗಳಾಗಿದ್ದು, ಬಾಯಿಗಿಡುವ ವಯಸ್ಸಿನ ಮಕ್ಕಳಿಗಾಗಿ ರೂಪಿಸಿದವಲ್ಲ.

## ಕಲ್ಪನೆಯಾಟದ ಬೆಳವಣಿಗೆ

ಮಕ್ಕಳ ಕಲ್ಪನೆಯಾಟವನ್ನು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಪ್ರಮುಖರು. ಮಗುವಿನಲ್ಲಿ ಸಂಕೇತಗಳ ರಚನೆಯನ್ನು ಕುರಿತ ಅವರ ಫ್ರೆಂಚ್ ಗ್ರಂಥ 1945ರಲ್ಲಿ ಪ್ರಕಟವಾಯಿತು. ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಲ್ಲದು ಎಂಬ ಅರಿವು ಭಾಷೆಯ ಕಲಿಕೆಗೂ ಆಟಕ್ಕೂ ಸಮಾನ ತಳಹದಿ ಎಂಬುದು ಅವರ ನಿಲುವು. ರಷ್ಯಾದ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ, ಕೋಲನ್ನು ಕುದುರೆಯಾಗಿ ಮಾಡಿಕೊಳ್ಳುವ ಮಗುವು ವಸ್ತುವಿನಿಂದ ಅರ್ಥವನ್ನು ಬೇರ್ಪಡಿಸಲು ಕಲಿಯುತ್ತದೆ ಎಂದು ಪ್ರತಿಪಾದಿಸಿದರು.

ಉಣ್ಣುವ ಮತ್ತು ಉಣಿಸುವ ಆಟವು ಸಾಮಾನ್ಯವಾಗಿ ಈ ಕ್ರಮದಲ್ಲಿ ಬೆಳೆಯುತ್ತದೆ. ವಯಸ್ಸಿನ ಲೆಕ್ಕ ಮಗುವಿನಿಂದ ಮಗುವಿಗೆ ವ್ಯತ್ಯಾಸವಾಗಬಹುದು.

- ಸುಮಾರು 12 ತಿಂಗಳು: ಮಗು ಖಾಲಿ ಲೋಟವನ್ನು ತನ್ನ ಬಾಯಿಗೆ ತಂದು ಕುಡಿದಂತೆ ಮಾಡುತ್ತದೆ.
- ಸುಮಾರು 18 ತಿಂಗಳು: ಗೊಂಬೆಗೆ, ತಾಯಿಗೆ, ಅಜ್ಜನಿಗೆ ಉಣಿಸಲು ತೊಡಗುತ್ತದೆ.
- ಸುಮಾರು 2 ವರ್ಷ: ಕಲಸುವುದು, ಬಡಿಸುವುದು, ಉಣಿಸುವುದು ಹೀಗೆ ಒಂದರ ನಂತರ ಒಂದರಂತೆ ಕ್ರಿಯೆಗಳನ್ನು ಜೋಡಿಸುತ್ತದೆ.
- 2ರಿಂದ 3 ವರ್ಷ: ಮರದ ತುಂಡನ್ನು ರೊಟ್ಟಿಯೆಂದೂ ಎಲೆಯನ್ನು ದೋಸೆಯೆಂದೂ ಒಪ್ಪಿಕೊಂಡು ಆಡುತ್ತದೆ.
- 3 ವರ್ಷದ ನಂತರ: ಅಂಗಡಿ, ಹೋಟೆಲು, ಮದುವೆಯೂಟ ಮುಂತಾದ ಸನ್ನಿವೇಶಗಳಲ್ಲಿ ಪಾತ್ರ ಹಂಚಿಕೊಂಡು ಆಡುತ್ತದೆ.

ಎರಡು ವರ್ಷದ ಮಗುವಿಗೆ ನಟನೆಯ ಒಳತರ್ಕ ಎಷ್ಟು ಸ್ಪಷ್ಟವಾಗಿರುತ್ತದೆ ಎಂಬುದನ್ನು ಮನೋವಿಜ್ಞಾನಿ ಅಲನ್ ಲೆಸ್ಲಿಯವರ ಪ್ರಯೋಗವೊಂದು ತೋರಿಸುತ್ತದೆ. ಎರಡು ಖಾಲಿ ಲೋಟಗಳಿಗೆ ಪಾನೀಯ ಸುರಿದಂತೆ ನಟಿಸಿ, ಒಂದನ್ನು ಬೋರಲು ಹಾಕಿ ಮತ್ತೆ ನೆಟ್ಟಗೆ ಇಡಲಾಯಿತು. ಯಾವ ಲೋಟ ಖಾಲಿಯಾಗಿದೆ ಎಂದು ಕೇಳಿದಾಗ ಮಕ್ಕಳು ಬೋರಲು ಹಾಕಿದ್ದ ಲೋಟವನ್ನೇ ತೋರಿಸಿದರು. ವಾಸ್ತವದಲ್ಲಿ ಎರಡೂ ಲೋಟಗಳು ಖಾಲಿಯಾಗಿಯೇ ಇದ್ದವು.

### ಹೋಲಿಕೆಯ ಪಾತ್ರ

ಆಟಿಕೆಯು ನಿಜವಾದ ವಸ್ತುವನ್ನು ಎಷ್ಟರಮಟ್ಟಿಗೆ ಹೋಲಬೇಕು ಎಂಬ ಪ್ರಶ್ನೆಗೆ ಗ್ರೆಟಾ ಫೈನ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ನೀಡುತ್ತದೆ. ಆಟಿಕೆ ಕುದುರೆಗೆ ಲೋಟದಿಂದ ಕುಡಿಸುವಂತೆ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಸೂಚಿಸಲಾಯಿತು. ಕುದುರೆ ಮತ್ತು ಲೋಟ ಎರಡೂ ನೈಜವಾಗಿ ಕಾಣುವಂತಿದ್ದಾಗ ಬಹುಪಾಲು ಮಕ್ಕಳು ಕುಡಿಸಿದರು. ಒಂದರ ಬದಲಿಗೆ ಹೋಲಿಕೆ ಕಡಿಮೆಯಿರುವ ವಸ್ತುವನ್ನಿಟ್ಟಾಗ ಕುಡಿಸಿದವರ ಸಂಖ್ಯೆ ಇಳಿಯಿತು. ಕುದುರೆಯ ಬದಲಿಗೆ ಅಸ್ಪಷ್ಟ ಆಕೃತಿ, ಲೋಟದ ಬದಲಿಗೆ ಚಿಪ್ಪು ಇದ್ದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಮಕ್ಕಳು ಮಾತ್ರ ಆಟ ಮುಂದುವರಿಸಿದರು.

ಎಳೆಯ ಮಗುವಿಗೆ ಬಾಳೆಹಣ್ಣು ಬಾಳೆಹಣ್ಣಿನಂತೆ ಕಾಣುವುದು ಉಪಯುಕ್ತ, ಬೆಳೆದಂತೆ ಈ ಅಗತ್ಯ ತಾನೇ ಕಡಿಮೆಯಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಹೋಲಿಕೆಯೆಂದರೆ ಬಣ್ಣ ಮತ್ತು ಒಟ್ಟು ಆಕಾರದ ಹೋಲಿಕೆಯೇ ಹೊರತು, ತೊಟ್ಟು, ಬೀಜ, ಸಿಪ್ಪೆಗಳನ್ನು ಬಿಡಿಬಿಡಿಯಾಗಿ ಅಂಟಿಸಿದ ಸೂಕ್ಷ್ಮ ಅನುಕರಣೆಯಲ್ಲ.

ಮಗುವಿಗೆ ಪರಿಚಿತವಾದ ತಿನಿಸೂ ಮುಖ್ಯ. ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ ಮತ್ತು ಸಂಗಡಿಗರು ತೋರಿಸಿದಂತೆ, ಮಕ್ಕಳು ದಿನನಿತ್ಯ ಕಾಣುವ ಘಟನೆಗಳ ಕ್ರಮವನ್ನು ಮನಸ್ಸಿನಲ್ಲಿ ಒಂದು ಕಥನದಂತೆ ಇಟ್ಟುಕೊಳ್ಳುತ್ತಾರೆ. ಆಟ ಬೆಳೆಯುವುದು ಆ ಅನುಭವದ ಮೇಲೆ. ಮಾರುಕಟ್ಟೆಯ ಹಲವು ಸೆಟ್‌ಗಳಲ್ಲಿ ಪಿಜ್ಜಾ, ಬರ್ಗರ್‌ಗಳೇ ಪ್ರಧಾನವಾಗಿರುತ್ತವೆ. ಮನೆಯಲ್ಲಿ ದೋಸೆ ಹುಯ್ಯುವುದನ್ನು, ಮುದ್ದೆ ಕಟ್ಟುವುದನ್ನು, ರೊಟ್ಟಿ ತಟ್ಟುವುದನ್ನು ನೋಡುವ ಮಗುವಿಗೆ ಬಟ್ಟೆಯಿಂದ ಹೊಲಿದ ದುಂಡನೆಯ ದೋಸೆಯೊಂದು ಹೆಚ್ಚು ಆಟ ಒದಗಿಸಬಲ್ಲದು.

## ಸುರಕ್ಷತೆ

### ಗಾತ್ರ

ಮೂರು ವರ್ಷದೊಳಗಿನ ಮಕ್ಕಳ ಶ್ವಾಸನಾಳ ಕಿರಿದು. ಅಗಿಯುವ ಹಲ್ಲುಗಳು ಪೂರ್ಣವಾಗಿ ಬಂದಿರುವುದಿಲ್ಲ. ಕೆಮ್ಮಿ ಹೊರಹಾಕುವ ಶಕ್ತಿಯೂ ಕಡಿಮೆ. ಆದುದರಿಂದ ಗಂಟಲಲ್ಲಿ ಸಿಲುಕಬಲ್ಲ ಚಿಕ್ಕ ಭಾಗಗಳು ಈ ವಯಸ್ಸಿನ ಆಟಿಕೆಗಳಲ್ಲಿ ಅತಿ ದೊಡ್ಡ ಅಪಾಯವೆನಿಸಿವೆ. ಅಮೆರಿಕದಲ್ಲಿ 1980ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 31.7 ಮಿ.ಮೀ. ವ್ಯಾಸದ, ಓರೆ ತಳವುಳ್ಳ ಪರೀಕ್ಷಾ ಕೊಳವೆಯೊಂದರಲ್ಲಿ ಪೂರ್ಣವಾಗಿ ಹಿಡಿಯುವ ಯಾವುದೇ ಭಾಗವು ಮೂರು ವರ್ಷದೊಳಗಿನವರ ಆಟಿಕೆಯಲ್ಲಿ ಇರಬಾರದು. ಕೊಳವೆಯ ಆಳ ಒಂದು ಬದಿಯಲ್ಲಿ 25.4 ಮಿ.ಮೀ., ಇನ್ನೊಂದು ಬದಿಯಲ್ಲಿ 57.1 ಮಿ.ಮೀ. ಇರುತ್ತದೆ. ಅಂತರರಾಷ್ಟ್ರೀಯ ಹಾಗೂ ಭಾರತೀಯ ಮಾನಕಗಳಲ್ಲಿಯೂ ಇದೇ ಮಾದರಿಯ ಕೊಳವೆ ಬಳಕೆಯಲ್ಲಿದೆ. ಹೋಲಿಕೆಗೆ ಹೇಳುವುದಾದರೆ, ಹತ್ತು ರೂಪಾಯಿ ನಾಣ್ಯದ ವ್ಯಾಸ 27 ಮಿ.ಮೀ. ಅದಕ್ಕಿಂತ ತುಸು ದೊಡ್ಡದಾದ ವಸ್ತುವೂ ಈ ಕೊಳವೆಯೊಳಗೆ ಹೋಗಬಲ್ಲದು.

ದುಂಡನೆಯ ವಸ್ತುಗಳಿಗೆ ಇನ್ನೂ ಕಠಿಣ ಅಳತೆಯಿದೆ. ಚೆಂಡಿನಂತಹ ವಸ್ತು ಗಂಟಲನ್ನು ಸುತ್ತಲೂ ಮುಚ್ಚಿಬಿಡುವುದರಿಂದ, ಮೂರು ವರ್ಷದೊಳಗಿನವರ ಚೆಂಡುಗಳು ಸುಮಾರು 44.5 ಮಿ.ಮೀ. ವ್ಯಾಸದ ರಂಧ್ರದ ಮೂಲಕ ತೂರಿ ಹೋಗಬಾರದು. ಆಟಿಕೆ ದ್ರಾಕ್ಷಿ, ನಿಂಬೆಹಣ್ಣು, ಲಾಡು, ಬಟಾಣಿಗಳನ್ನು ಪರಿಶೀಲಿಸುವಾಗ ಈ ಅಳತೆಯನ್ನು ಗಮನದಲ್ಲಿಡುವುದು ಸೂಕ್ತ.

ಆಟಿಕೆ ಇಡಿಯಾಗಿ ದೊಡ್ಡದಾಗಿದ್ದರೆ ಸಾಲದು. ತೊಟ್ಟು, ಎಲೆ, ಅಂಟಿಸಿದ ಕಣ್ಣು, ಗುಂಡಿ ಮುಂತಾದವು ಎಳೆದಾಗ ಕಿತ್ತುಬರಬಾರದು. ಮೃದುವಾದ ಸ್ಪಂಜಿನ ಆಟಿಕೆಯನ್ನು ಹಲ್ಲು ಬಂದ ಮಗು ಕಚ್ಚಿ ತುಂಡರಿಸಬಲ್ಲದು. ತಿನಿಸಿನ ಆಕಾರವಿರುವ ಸ್ಪಂಜಿಗೆ ಈ ಅಪಾಯ ಹೆಚ್ಚು.

### ಆಕಾರ

ಅರ್ಧಗೋಳದ ಆಕಾರದ ಬಟ್ಟಲು, ಲೋಟ, ಎರಡು ಹೋಳಾಗಿ ತೆರೆಯುವ ಹಣ್ಣು ಅಥವಾ ಮೊಟ್ಟೆಯ ಚಿಪ್ಪು ಮಗುವಿನ ಮೂಗು–ಬಾಯಿಯ ಮೇಲೆ ಕವುಚಿ ಉಸಿರಿನ ಎಳೆತಕ್ಕೆ ಬಿಗಿಯಾಗಿ ಅಂಟಿಕೊಳ್ಳಬಲ್ಲದು. 1999ರಲ್ಲಿ ಅಮೆರಿಕದ ಆಹಾರ ಮಳಿಗೆಗಳ ಸರಣಿಯೊಂದು ಮಕ್ಕಳ ಊಟದೊಂದಿಗೆ ಉಡುಗೊರೆಯಾಗಿ ನೀಡಿದ್ದ, ಎರಡು ಹೋಳಾಗುವ ಪ್ಲಾಸ್ಟಿಕ್ ಚೆಂಡಿನಿಂದ ಮಗುವೊಂದು ಹೀಗೆ ಉಸಿರುಗಟ್ಟಿ ಮೃತಪಟ್ಟಿತು. ಆ ಬಳಿಕ ಎರಡೂವರೆ ಕೋಟಿಯಷ್ಟು ಚೆಂಡುಗಳನ್ನು ಹಿಂಪಡೆಯಲಾಯಿತು. ಅಮೆರಿಕದ ಆಟಿಕೆ ಮಾನಕವಾದ ಎಎಸ್‌ಟಿಎಂ ಎಫ್963, ಬಾಯಿಯ ವ್ಯಾಸ 64ರಿಂದ 102 ಮಿ.ಮೀ. ಇರುವ ಇಂತಹ ಬಟ್ಟಲಿನಾಕಾರದ ಆಟಿಕೆಗಳಲ್ಲಿ ಗಾಳಿಯಾಡುವ ರಂಧ್ರಗಳಂತಹ ವ್ಯವಸ್ಥೆಯನ್ನು ಅಪೇಕ್ಷಿಸುತ್ತದೆ.

ಆಟಿಕೆಯ ಚಾಕು, ಫೋರ್ಕು, ಉದ್ದ ಹಿಡಿಯ ಸೌಟುಗಳನ್ನು ಬಾಯಲ್ಲಿಟ್ಟುಕೊಂಡು ಓಡಿ ಬಿದ್ದರೆ ಅಂಗಳಕ್ಕೆ ಗಾಯವಾಗಬಹುದು. ಎಳೆಯ ಮಕ್ಕಳಿಗೆ ಗಿಡ್ಡ, ದಪ್ಪ, ದುಂಡು ತುದಿಯ ಚಮಚಗಳು ಸೂಕ್ತ.

### ಆಯಸ್ಕಾಂತ ಮತ್ತು ಬ್ಯಾಟರಿ

ಕತ್ತರಿಸುವ ಆಟದ ಹಣ್ಣು–ತರಕಾರಿಗಳ ಹೋಳುಗಳನ್ನು ವೆಲ್ಕ್ರೊ ಪಟ್ಟಿಯಿಂದ ಅಥವಾ ಆಯಸ್ಕಾಂತದಿಂದ ಜೋಡಿಸಿರುತ್ತಾರೆ. ಕಳಚಿಬಿದ್ದ ಎರಡು ಆಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುರುಳಿಗಳಿಂದ ಪರಸ್ಪರ ಆಕರ್ಷಿಸಿ, ನಡುವಿನ ಗೋಡೆಯನ್ನು ಒತ್ತಿ ತೂತು ಮಾಡಬಲ್ಲವು. ಸದ್ದು, ಬೆಳಕು ಬರುವ ಒಲೆಗಳಲ್ಲಿರುವ ಗುಂಡಿ ಬ್ಯಾಟರಿಯನ್ನು ನುಂಗಿದಾಗ ಅದು ಅನ್ನನಾಳದಲ್ಲಿ ಸಿಲುಕಿ ಎರಡು ಗಂಟೆಯೊಳಗೇ ತೀವ್ರ ಸುಟ್ಟಗಾಯ ಉಂಟುಮಾಡಬಹುದು. ಬ್ಯಾಟರಿ ಅಥವಾ ಆಯಸ್ಕಾಂತ ನುಂಗಿರುವ ಸಂಶಯ ಬಂದರೂ ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಬ್ಯಾಟರಿ ಕೋಶದ ಮುಚ್ಚಳ ಸ್ಕ್ರೂನಿಂದ ಬಿಗಿದಿರಬೇಕು.

## ತಯಾರಿಕೆಯ ವಸ್ತುಗಳು

ಮರ: ಗಟ್ಟಿಯಾಗಿದ್ದು ಕಚ್ಚಿದರೆ ತುಂಡಾಗದು. ಸಿಬಿರು ಏಳದಂತೆ ನಯಗೊಳಿಸಿರಬೇಕು. ನೀರಿನಲ್ಲಿ ನೆನೆಸಿದರೆ ಉಬ್ಬಿ ಬಿರುಕು ಬಿಡುವುದರಿಂದ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಭಾರವಾದ ತುಂಡುಗಳನ್ನು ಎಸೆದರೆ ಪೆಟ್ಟಾಗಬಹುದು.

ಬಟ್ಟೆ: ಹಗುರ ಮತ್ತು ಮೃದು. ಮನೆಯಲ್ಲಿಯೇ ಹೊಲಿಯಬಹುದು, ಒಗೆಯಬಹುದು. ಹೊಲಿಗೆ ಬಿಚ್ಚಿ ಒಳಗಿನ ಹತ್ತಿ ಹೊರಬರದಂತೆ ನೋಡಿಕೊಳ್ಳಬೇಕು. ಗುಂಡಿ, ಮಣಿಗಳ ಬದಲು ದಾರದ ಕಸೂತಿ ಸೂಕ್ತ.

ಪ್ಲಾಸ್ಟಿಕ್: ತೊಳೆಯಲು ಸುಲಭ, ಬೆಲೆಯೂ ಕಡಿಮೆ. ತೆಳುವಾದ ಪ್ಲಾಸ್ಟಿಕ್ ಒಡೆದಾಗ ಚೂಪಾದ ಅಂಚು ಉಳಿಯುತ್ತದೆ. ಮೆತ್ತನೆಯ ಪಿವಿಸಿಯಲ್ಲಿ ಬಳಸುವ ಥ್ಯಾಲೇಟ್ ಎಂಬ ರಾಸಾಯನಿಕಗಳಿಗೆ ಹಲವು ದೇಶಗಳು ಮಿತಿ ವಿಧಿಸಿವೆ. ಅಮೆರಿಕದ 2008ರ ಕಾಯಿದೆಯು ಡಿಇಎಚ್‌ಪಿ, ಡಿಬಿಪಿ ಮತ್ತು ಬಿಬಿಪಿ ಎಂಬ ಮೂರು ಥ್ಯಾಲೇಟ್‌ಗಳನ್ನು ಶೇ. 0.1ಕ್ಕೆ ಸೀಮಿತಗೊಳಿಸಿತು.

ಸ್ಟೀಲು ಮತ್ತು ಹಿತ್ತಾಳೆ: ಬಾಳಿಕೆ ಬರುತ್ತವೆ. ಅಗ್ಗದ ಪುಟ್ಟ ಪಾತ್ರೆಗಳ ಅಂಚು ಹರಿತವಾಗಿರುವುದುಂಟು. ಬೆರಳಿನಿಂದ ಸುತ್ತ ಸವರಿ ನೋಡುವುದು ಅಗತ್ಯ. ಬಹಳ ಚಿಕ್ಕ ಮುಚ್ಚಳ, ಚಮಚಗಳು ಎಳೆಯರಿಗೆ ಸಲ್ಲವು.

ಬಣ್ಣ ಬಳಿದ ಜೇಡಿಮಣ್ಣು ಮತ್ತು ಹಿಟ್ಟಿನ ಅಚ್ಚುಗಳು: ನೋಡಲು ಅತ್ಯಂತ ನೈಜವಾಗಿರುತ್ತವೆ. ಆದರೆ ಒಡೆಯುತ್ತವೆ ಮತ್ತು ಬಣ್ಣ ಬಿಡುತ್ತವೆ. ಬಣ್ಣದಲ್ಲಿರಬಹುದಾದ ಸೀಸವು ಮಗುವಿನ ಮೆದುಳಿನ ಬೆಳವಣಿಗೆಗೆ ಹಾನಿಕರ. ಇವನ್ನು ಅಲಂಕಾರಕ್ಕೆ ಮಾತ್ರ ಇಡುವುದು ಒಳಿತು.

### ಚನ್ನಪಟ್ಟಣದ ಆಟಿಕೆಗಳು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣದಲ್ಲಿ ತಯಾರಾಗುವ ಅರಗಿನ ಬಣ್ಣದ ಮರದ ಆಟಿಕೆಗಳಲ್ಲಿ ಅಡುಗೆ ಪಾತ್ರೆಗಳ ಸೆಟ್‌ಗಳೂ ಹಣ್ಣು–ತರಕಾರಿಗಳೂ ಇವೆ. ಈ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಸಾಂಪ್ರದಾಯಿಕವಾಗಿ ಹಾಲೆ ಮರವನ್ನು ಒಣಗಿಸಿ ಚರಕಿಯಲ್ಲಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಬಳಿಕ ಕೇದಗೆಯ ಗರಿಯಿಂದ ಹೊಳಪು ಕೊಡುತ್ತಾರೆ. ಚರಕಿಯಲ್ಲಿ ಕಡೆಯುವುದರಿಂದ ಆಟಿಕೆಗಳ ಅಂಚು ಸಹಜವಾಗಿಯೇ ದುಂಡಗಿರುತ್ತದೆ.

ಅರಿಸಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣಗಳ ಬಳಕೆ ಇಲ್ಲಿನ ಆಟಿಕೆಗಳಿಗೆ ಹೆಸರು ತಂದಿದೆ. ಆದರೆ ಈ ಊರಿನ ಹೆಸರಿನಲ್ಲಿ ಮಾರಾಟವಾಗುವ ಎಲ್ಲ ಆಟಿಕೆಗಳಿಗೂ ಸಸ್ಯಮೂಲದ ಬಣ್ಣವನ್ನೇ ಬಳಸಿರುತ್ತಾರೆಂದು ಭಾವಿಸುವಂತಿಲ್ಲ. ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಬೇರೆಡೆಯ ಪ್ಲಾಸ್ಟಿಕ್ ಆಟಿಕೆಗಳೂ ಜೊತೆಗಿರುತ್ತವೆ. ಸಾಂಪ್ರದಾಯಿಕ ಅಡುಗೆ ಸೆಟ್‌ಗಳ ಕೆಲವು ಪಾತ್ರೆಗಳು ಬೆರಳಿನ ತುದಿಯಷ್ಟೇ ಇರುವುದರಿಂದ, ಬಣ್ಣ ನಿರಪಾಯಕರವಾಗಿದ್ದರೂ ಗಾತ್ರದ ಕಾರಣದಿಂದ ಅವು ಮೂರು ವರ್ಷದೊಳಗಿನವರಿಗೆ ತಕ್ಕವಲ್ಲ. ಅರಗು ಬಿಸಿಗೆ ಮೆದುವಾಗುತ್ತದೆ, ಆಲ್ಕೋಹಾಲಿನಲ್ಲಿ ಕರಗುತ್ತದೆ. ಆದ್ದರಿಂದ ಇವನ್ನು ಬಿಸಿನೀರಿನಿಂದಾಗಲಿ ಸ್ಯಾನಿಟೈಸರಿನಿಂದಾಗಲಿ ಸ್ವಚ್ಛಗೊಳಿಸಬಾರದು.

## ಕಾನೂನು ಮತ್ತು ಮಾನಕಗಳು

ಭಾರತದಲ್ಲಿ ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020 ಎಂಬುದು 2021ರ ಜನವರಿ 1ರಿಂದ ಜಾರಿಗೆ ಬಂದಿತು. ಇದರಂತೆ 14 ವರ್ಷದೊಳಗಿನ ಮಕ್ಕಳ ಆಟಿಕೆಗಳು ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತನ್ನು ಹೊಂದಿರುವುದು ಕಡ್ಡಾಯ. ವಿದ್ಯುತ್ ಬಳಸದ ಆಟಿಕೆಗಳಿಗೆ ಐಎಸ್ 9873, ವಿದ್ಯುತ್ ಅಥವಾ ಬ್ಯಾಟರಿಯಿಂದ ನಡೆಯುವವುಗಳಿಗೆ ಐಎಸ್ 15644 ಮಾನಕ ಅನ್ವಯಿಸುತ್ತದೆ. ಗುರುತಿನೊಂದಿಗಿರುವ ಪರವಾನಗಿ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ಆಟಿಕೆಗಳಿಗೂ, ಭೌಗೋಳಿಕ ಸೂಚಕದಡಿ ಅಧಿಕೃತ ಬಳಕೆದಾರರು ತಯಾರಿಸುವ ಆಟಿಕೆಗಳಿಗೂ ವಿನಾಯಿತಿ ನೀಡಲಾಗಿದೆ. ಆದುದರಿಂದ ಚನ್ನಪಟ್ಟಣದ ಕುಶಲಕರ್ಮಿಯ ಆಟಿಕೆಯ ಮೇಲೆ ಐಎಸ್‌ಐ ಗುರುತು ಇಲ್ಲದಿರುವುದು ಅಕ್ರಮವಲ್ಲ. ಆದರೆ ಅಂತಹ ಸಂದರ್ಭದಲ್ಲಿ ಗಾತ್ರ ಮತ್ತು ಬಣ್ಣವನ್ನು ಪರಿಶೀಲಿಸುವ ಹೊಣೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಯೂರೋಪಿನಲ್ಲಿ ಆಟಿಕೆಗಳಿಗೆ ಇಎನ್ 71 ಮಾನಕಗಳ ಸರಣಿಯಿದೆ. ಆಹಾರವೆಂದು ತಪ್ಪಾಗಿ ಭಾವಿಸಿ ಬಾಯಿಗಿಡುವ ಸಂಭವವಿರುವ ಅಪಾಯಕಾರಿ ವಸ್ತುಗಳನ್ನು ಯೂರೋಪಿಯನ್ ಸಮುದಾಯವು 1987ರ ನಿರ್ದೇಶನವೊಂದರ ಮೂಲಕ ನಿಷೇಧಿಸಿತು. ಹಣ್ಣಿನ ರೂಪದ ಸಾಬೂನು, ಮೇಣದಬತ್ತಿಗಳಂತಹ ವಸ್ತುಗಳು ಇದರಡಿ ಪರಿಶೀಲನೆಗೆ ಒಳಪಡುತ್ತಿದ್ದವು. ಇವು ಆಟಿಕೆಗಳಲ್ಲದಿದ್ದರೂ ಅಡುಗೆಯಾಟದ ಬುಟ್ಟಿಗೆ ಸೇರಿಬಿಡುವುದುಂಟು.

ಪೊಟ್ಟಣದ ಮೇಲೆ ಕೆಂಪು ವೃತ್ತದೊಳಗೆ 0–3 ಎಂದು ಬರೆದು ಅಡ್ಡಗೆರೆ ಎಳೆದ ಚಿಹ್ನೆಯಿದ್ದರೆ, ಆ ಆಟಿಕೆ ಮೂರು ವರ್ಷದೊಳಗಿನವರಿಗೆ ಅಪಾಯಕಾರಿ ಎಂದರ್ಥ. ಇದು ಮಗುವಿನ ಬುದ್ಧಿಮಟ್ಟವನ್ನು ಸೂಚಿಸುವ ಗುರುತಲ್ಲ. ಚುರುಕಾದ ಮಗುವೆಂಬ ಕಾರಣಕ್ಕೆ ಇದನ್ನು ಕಡೆಗಣಿಸುವಂತಿಲ್ಲ.

## ವಯಸ್ಸಿಗೆ ತಕ್ಕ ಆಯ್ಕೆ

12–18 ತಿಂಗಳು: ಲೋಟ, ತಟ್ಟೆ, ದೊಡ್ಡ ಚಮಚ ಮತ್ತು ಎರಡು ಮೂರು ದೊಡ್ಡ ಹಣ್ಣುಗಳು ಸಾಕಾಗುತ್ತವೆ. ಮನೆಯ ಸ್ಟೀಲ್ ಲೋಟ, ಮರದ ಸೌಟುಗಳೇ ಈ ವಯಸ್ಸಿಗೆ ಉತ್ತಮ ಆಟಿಕೆಗಳು. ಎಲ್ಲವೂ ಬಾಯಿಗೆ ಹೋಗುತ್ತವೆಂದು ಭಾವಿಸಿಯೇ ಆಯ್ಕೆ ಮಾಡಬೇಕು.

18–24 ತಿಂಗಳು: ಉಣಿಸಲು ಒಂದು ಗೊಂಬೆ, ಮುಚ್ಚಳವಿರುವ ಪಾತ್ರೆ, ಸುಲಭವಾಗಿ ಗುರುತಿಸಬಲ್ಲ ಬಾಳೆಹಣ್ಣು, ಕ್ಯಾರೆಟ್, ರೊಟ್ಟಿ ಸೂಕ್ತ.

2–3 ವರ್ಷ: ಒಲೆ, ಬಾಣಲೆ, ಬುಟ್ಟಿ ಸೇರಿಸಬಹುದು. ದೊಡ್ಡ ತುಂಡುಗಳಿರುವ ಕತ್ತರಿಸುವ ಆಟಿಕೆಯನ್ನು ಅದರ ಮೇಲಿನ ವಯೋಸೂಚನೆ ಅನುಮತಿಸಿದರೆ ಮಾತ್ರ ಕೊಡಬಹುದು. ಇಂತಹ ಆಟಿಕೆಗಳಲ್ಲಿ ಹಲವು ಮೂರು ವರ್ಷ ದಾಟಿದವರಿಗಾಗಿ ತಯಾರಾದವು.

ಮನೆಯಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದಾಗ ಅತ್ಯಂತ ಕಿರಿಯ ಮಗುವಿನ ವಯಸ್ಸನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಅಕ್ಕನ ಸೆಟ್ಟಿನ ಚಿಕ್ಕ ಚಮಚವು ತಮ್ಮನ ಕೈಗೆ ಸಿಗದಂತೆ ಬೇರೆ ಡಬ್ಬಿಯಲ್ಲಿಡುವುದು ಒಳ್ಳೆಯ ಕ್ರಮ. ಅಡುಗೆ ಎಲ್ಲರ ಮನೆಯ ಕೆಲಸವಾದ್ದರಿಂದ ಈ ಆಟ ಹೆಣ್ಣುಮಕ್ಕಳಿಗೆ ಸೀಮಿತವಲ್ಲ.

## ಸಂಖ್ಯೆ, ಸದ್ದು ಮತ್ತು ಹಿರಿಯರ ಪಾತ್ರ

ನೂರು ತುಂಡುಗಳ ಸೆಟ್ಟು ಹೆಚ್ಚು ಆಟ ಕೊಡುತ್ತದೆ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಎಳೆಯ ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಂದಿಗೆ, ಇನ್ನೊಮ್ಮೆ 16 ಆಟಿಕೆಗಳೊಂದಿಗೆ ಆಡಲು ಬಿಡಲಾಯಿತು. ಆಟಿಕೆ ಕಡಿಮೆಯಿದ್ದಾಗ ಮಕ್ಕಳು ಒಂದೊಂದರೊಂದಿಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಮಾತನಾಡುವ, ಹಾಡುವ ಆಟಿಕೆಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಅನಾ ಸೋಸಾ 2016ರಲ್ಲಿ ಪ್ರಕಟಿಸಿದ ಅಧ್ಯಯನವು 10ರಿಂದ 16 ತಿಂಗಳ ಮಕ್ಕಳು ತಂದೆ–ತಾಯಿಯೊಂದಿಗೆ ಆಡುವುದನ್ನು ಗಮನಿಸಿತು. ಎಲೆಕ್ಟ್ರಾನಿಕ್ ಆಟಿಕೆಯೊಂದಿಗೆ ಆಡುವಾಗ ಹಿರಿಯರ ಮಾತು, ಮಾತಿನ ವಿನಿಮಯ ಎರಡೂ ಕಡಿಮೆಯಾದವು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು 2019ರಲ್ಲಿ ಪ್ರಕಟಿಸಿದ ಆಟಿಕೆ ಆಯ್ಕೆಯ ವರದಿಯೂ ಸರಳವಾದ, ಹಿರಿಯರು ಮಗುವಿನೊಂದಿಗೆ ಕೂಡಿ ಆಡಬಲ್ಲ ಆಟಿಕೆಗಳ ಪರವಾಗಿದೆ.

ನಿಜವಾದ ಊಟ ಮತ್ತು ಆಟದ ಊಟದ ವ್ಯತ್ಯಾಸವನ್ನು ಮಗು ಕಲಿಯುವುದು ಹಿರಿಯರ ಮುಖ ನೋಡಿ. ಆ್ಯಂಜೆಲಿನ್ ಲಿಲಾರ್ಡ್ ಮತ್ತು ಡೇವಿಡ್ ವಿದರಿಂಗ್‌ಟನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಯಂದಿರು 18 ತಿಂಗಳ ಮಕ್ಕಳೆದುರು ಒಮ್ಮೆ ನಿಜವಾಗಿ ತಿಂಡಿ ತಿಂದರು, ಇನ್ನೊಮ್ಮೆ ತಿಂದಂತೆ ನಟಿಸಿದರು. ನಟಿಸುವಾಗ ಅವರು ಹೆಚ್ಚು ನಗುತ್ತಿದ್ದರು, ಮಗುವನ್ನು ಹೆಚ್ಚು ಹೊತ್ತು ದಿಟ್ಟಿಸುತ್ತಿದ್ದರು, ತಿನ್ನುವ ಸದ್ದುಗಳನ್ನು ಮಾಡುತ್ತಿದ್ದರು. ಆಟಿಕೆಯನ್ನು ತುಟಿಯಿಂದ ತುಸು ದೂರದಲ್ಲಿಯೇ ನಿಲ್ಲಿಸಿ, ರುಚಿ ನೋಡಿದಂತೆ ಸದ್ದು ಮಾಡಿ, ನಕ್ಕು ಮರಳಿಸುವ ಅಜ್ಜಿಯು ಮಗುವಿಗೆ ಇದೇ ಪಾಠವನ್ನು ಹೇಳಿಕೊಡುತ್ತಾಳೆ. ಬಾಯಿಗಿಡದೆಯೇ ತಿನ್ನಬಹುದಾದ ತಿನಿಸೂ ಇದೆ ಎಂಬ ಈ ಅರಿವು ಗಟ್ಟಿಯಾಗುವವರೆಗೆ ಹಿರಿಯರು ಮಗುವಿನ ಸಮೀಪದಲ್ಲಿಯೇ ಇರುವುದು ಅಗತ್ಯ.

## ಇವನ್ನೂ ನೋಡಿ

- ಚನ್ನಪಟ್ಟಣದ ಗೊಂಬೆಗಳು
- ಕಿನ್ನಾಳ ಕಲೆ
- ಬೊಂಬೆ ಹಬ್ಬ
- ಜೀನ್ ಪಿಯಾಜೆ
- ಭಾರತೀಯ ಮಾನಕ ಬ್ಯೂರೋ